ಸ್ವಿಫ್ಟ್‌ಗೆ ಮೂರು ಅಳತೆಯ ಟೈರ್ ಹಾಕಿ ನೋಡಿದೆ, ಮೈಲೇಜ್ ಮೀಟರ್ ಸುಳ್ಳು ಹೇಳಿತು

ನನ್ನದು ಎರಡನೇ ತಲೆಮಾರಿನ ಪೆಟ್ರೋಲ್ ಸ್ವಿಫ್ಟ್, ವಿಎಕ್ಸ್‌ಐ. ಕಂಪನಿಯಿಂದ ಬಂದ 165/80 ಆರ್14 ಟೈರ್ (ಅಗಲ 165 ಮಿ.ಮೀ., ಪಕ್ಕದ ಎತ್ತರ ಅದರ 80 ಪರ್ಸೆಂಟ್, ಒಳಗಿನ ಚಕ್ರ 14 ಇಂಚು), ಕಬ್ಬಿಣದ ಡಿಸ್ಕ್, ಅಂದರೆ ಚಕ್ರ. ಈಗ ಮತ್ತೆ ಅದನ್ನೇ ಹಾಕಿಸಿಕೊಂಡಿದ್ದೇನೆ, ಇನ್ನು ಬದಲಾಯಿಸುವುದಿಲ್ಲ. ನಡುವೆ ಹನ್ನೊಂದು ತಿಂಗಳು 195/55 ಆರ್15 ಟೈರಿನ ಅಲಾಯ್ (ಮಿಶ್ರಲೋಹದ) ಚಕ್ರದಲ್ಲಿ ಓಡಿಸಿದೆ. ತಮ್ಮನದ್ದು ಇದೇ ಗಾಡಿಯ ಝಡ್‌ಎಕ್ಸ್‌ಐ. ಅವನ 185/65 ಆರ್15 ಚಕ್ರಗಳನ್ನೂ ಕೆಲವು ವಾರ ನನ್ನ ಗಾಡಿಗೆ ಹಾಕಿ ನೋಡಿದೆ.

ಅಲಾಯ್ ಹಾಕಿಸುವಾಗ ಅಂಗಡಿಯವರು "ಮೈಲೇಜ್‌ಗೆ ಏನೂ ಆಗಲ್ಲ ಸಾರ್" ಎಂದರು. ಮೀಟರ್ ನೋಡಿದರೆ ಅವರ ಮಾತು ನಿಜ ಅನ್ನಿಸಿತ್ತು. ಮೊದಲು ಲೀಟರಿಗೆ 17.9 ಬರುತ್ತಿತ್ತು, ಈಗ 17.7. ಆದರೆ ಪೆಟ್ರೋಲ್ ಖರ್ಚು ಮಾತ್ರ ಏರುತ್ತಲೇ ಇತ್ತು. ಮೈಸೂರಿಂದ ಸಕಲೇಶಪುರದ ಆಚೆ ನಮ್ಮೂರಿಗೆ ಹೋಗಿಬರಲು 19 ಲೀಟರ್ ಸಾಕಾಗುತ್ತಿದ್ದದ್ದು 20 ಹಿಡಿಯತೊಡಗಿತು. ಇಂಜೆಕ್ಟರ್ ಕ್ಲೀನ್ ಮಾಡಿಸಿದೆ, ಪ್ಲಗ್ ಬದಲಿಸಿದೆ, ಬಂಕ್ ಬದಲಿಸಿದೆ. ಸುಮ್ಮನೆ ದುಡ್ಡು ಹೋಯಿತು.

ಗುಟ್ಟು ಸಿಕ್ಕಿದ್ದು ಟ್ರಿಪ್ ಮೀಟರಿನಲ್ಲಿ. ಅದೇ ಮನೆ, ಅದೇ ಊರು, ಅದೇ ರಸ್ತೆ. ಹೋಗಿಬರಲು 340 ಕಿ.ಮೀ. ಇದ್ದದ್ದು 354 ತೋರಿಸುತ್ತಿತ್ತು! ಹಾಸನ ದಾಟಿದ ಮೇಲೆ ಹೆದ್ದಾರಿಯ ಕಿಲೋಮೀಟರ್ ಕಲ್ಲು ಹಿಡಿದು ಅಳೆದೆ. ಹತ್ತು ಕಲ್ಲಿಗೆ ಮೀಟರ್ 10.4 ಓಡಿತ್ತು. ಫೋನಿನ ಜಿಪಿಎಸ್ ಕಲ್ಲಿನ ಪರವಾಗಿಯೇ ಇತ್ತು.

ಲೆಕ್ಕ ಸರಳ. ಹಳೇ ಟೈರಿನ ವ್ಯಾಸ ಸುಮಾರು 620 ಮಿ.ಮೀ., 195/55ರದ್ದು 595. ಚಕ್ರ ಚಿಕ್ಕದಾದರೆ ಅಷ್ಟೇ ದೂರಕ್ಕೆ ಹೆಚ್ಚು ಸುತ್ತು ತಿರುಗಬೇಕು. ಗಾಡಿ ಎಣಿಸುವುದು ಸುತ್ತನ್ನು, ದೂರವನ್ನಲ್ಲ. ಟ್ಯಾಂಕ್ ಫುಲ್ ಮಾಡಿಸಿ ಲೆಕ್ಕ ಹಾಕಿದರೂ ಭಾಗಿಸುವುದು ಅದೇ ಮೀಟರಿನ ಕಿ.ಮೀ. ತಾನೇ? ಹಾಗಾಗಿ ಅದೂ ತಪ್ಪು. ನಿಜವಾದ 340ನ್ನು 20ರಿಂದ ಭಾಗಿಸಿದರೆ ಬರುವುದು 17. ಟೈರ್ ಅಗಲ, ಅದೇ ವೇಗಕ್ಕೆ ಎಂಜಿನ್ ನಾಲ್ಕು ಪರ್ಸೆಂಟ್ ಹೆಚ್ಚು ತಿರುಗಬೇಕು, ಪೆಟ್ರೋಲ್ ಕುಡಿಯದೆ ಇನ್ನೇನು? ಮೀಟರ್ ಹತ್ತು ಸಾವಿರ ತೋರಿಸಿದಾಗ ಗಾಡಿ ಓಡಿದ್ದು 9,600 ಮಾತ್ರ. ಸರ್ವೀಸ್ ಬೇಗ ಬರುತ್ತದೆ, ಮಾರುವಾಗ ಓಡದ ಕಿ.ಮೀ.ಗೂ ಬೆಲೆ ಇಳಿಯುತ್ತದೆ. ಇದು ನನಗೆ ತುಂಬಾ ಬೇಜಾರು ತಂದ ವಿಷಯ.

ಟೈರ್ ಸವೆದರೂ ವ್ಯಾಸ ಕುಗ್ಗುತ್ತದೆ, ಪೂರ್ತಿ ಸವೆದದ್ದಕ್ಕೂ ಹೊಸದಕ್ಕೂ ಸುಮಾರು ಎರಡು ಪರ್ಸೆಂಟ್ ವ್ಯತ್ಯಾಸ ಬರುತ್ತದೆ. ಹೋಲಿಸುವಾಗ ಅದನ್ನೂ ಗಮನದಲ್ಲಿಡಿ.

ತಮ್ಮನ 185/65ರ ವ್ಯಾಸ ಹಳೆಯದಕ್ಕಿಂತ ಎರಡೇ ಮಿ.ಮೀ. ಹೆಚ್ಚು. ಮೀಟರ್ 339 ತೋರಿಸಿತು, ಪೆಟ್ರೋಲ್ 19.4 ಲೀಟರ್. ತಿರುವಿನಲ್ಲಿ ಹಿಡಿತ ಚೆನ್ನಾಗಿದೆ, ಬ್ರೇಕ್ ಹಾಕಿದರೆ ಧೈರ್ಯ. ಬೆಂಗಳೂರು–ಮೈಸೂರು ಓಡಾಟವೇ ಹೆಚ್ಚು ಅನ್ನುವವರು ಕಣ್ಣುಮುಚ್ಚಿ ಇದನ್ನು ಹಾಕಿಸಬಹುದು.

 

ನನ್ನ ಓಡಾಟದಲ್ಲಿ ಕೊನೆಯ ಆರು ಕಿ.ಮೀ. ತೋಟದ ದಾರಿ, ಕಲ್ಲು, ಮಳೆಗಾಲದ ಗುಂಡಿ. 195/55ರಲ್ಲಿ ಗಾಡಿ 12 ಮಿ.ಮೀ. ಕೆಳಗಿಳಿದು ಊರ ರಸ್ತೆ ಉಬ್ಬುಗಳಿಗೆಲ್ಲ ಹೊಟ್ಟೆ ಉಜ್ಜುತ್ತಿತ್ತು, ಒಂದು ಅಲಾಯ್ ಗುಂಡಿಗೆ ಬಿದ್ದು ಸೀಳಿತು. ಕಬ್ಬಿಣದ ಡಿಸ್ಕ್ ಬೆಂಡಾದರೆ ಊರಿನ ಪಂಕ್ಚರ್ ಅಂಗಡಿಯಲ್ಲೇ ಬಡಿದು ಸರಿಮಾಡಿ ಕೊಡುತ್ತಾರೆ. ತಿಂಗಳಿಗೆ ಮೂರು ಸಲ ಊರಿಗೆ ಹೋಗುವವನಿಗೆ ಸಲಕ್ಕೊಂದು ಲೀಟರ್ ಉಳಿದರೂ ಸಣ್ಣ ಮಾತಲ್ಲ. ಉಳಿದ ಮೂರು ಅಲಾಯ್ ಬಂದಷ್ಟಕ್ಕೆ ಮಾರಿದೆ. ಹಳೇ ಚಕ್ರ ಹಾಕಿಸಿದ ಮೊದಲ ವಾರವೇ ಊರಿಗೆ ಹೋಗಿಬಂದೆ, ಟ್ರಿಪ್ ಮೀಟರಿನಲ್ಲಿ ಮತ್ತೆ 340.