ಮೊಣಕಾಲಿಗೆ ಮೆತ್ತೆ, ಪಾದಕ್ಕೆ ಹಿಡಿತ: ನಿಂತು ಓಡಿಸುವ ಜೆಟ್ ಸ್ಕಿಗೆ ಹಾಕಿಸಿದ ಇವಿಎ ಮ್ಯಾಟ್

ಹಿಂಬದಿಗೆ ಸ್ಟಿಕ್ಕರ್ ಅಂಟು ಬಳಿದಿರುವ ಇವಿಎ ಮ್ಯಾಟನ್ನು, ಅಂದರೆ ಜೆಟ್ ಸ್ಕಿಯಲ್ಲಿ ಕಾಲಡಿಗೆ ಹಾಸುವ ಫೋಮ್ ಹಾಳೆಯನ್ನು, ಬಳ್ಳಾರಿ, ರಾಯಚೂರು ಕಡೆಯವರು ದಯವಿಟ್ಟು ಕೊಳ್ಳಬೇಡಿ. ಈ ವಿಮರ್ಶೆ ಬರೆಯಲು ಕೂತಿದ್ದೇ ಇದನ್ನು ಹೇಳುವುದಕ್ಕೆ. ಕಾಗದ ಸುಲಿದು ಒತ್ತಿದರೆ ಸಾಕು, ವರ್ಷಗಟ್ಟಲೆ ಕದಲುವುದಿಲ್ಲ ಎಂದು ಮಾರಿದವರು ಭರವಸೆ ಕೊಟ್ಟಿದ್ದರು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ನಾವು ನಮ್ಮ ಜೆಟ್ ಸ್ಕಿಯನ್ನು ಬಳ್ಳಾರಿಗೆ ತಂದು ತಗಡಿನ ಶೆಡ್ಡಿನಲ್ಲಿ ನಿಲ್ಲಿಸುತ್ತೇವೆ. ಹೊರಗೆ ನಲವತ್ತು ಡಿಗ್ರಿ ದಾಟಿದರೆ ತಗಡಿನ ಕೆಳಗಿನ ಕಾವು ಕೇಳುವುದೇ ಬೇಡ. ಏಪ್ರಿಲ್ ಮುಗಿಯುವಷ್ಟರಲ್ಲಿ ಅಂಚುಗಳು ಮೇಲೆದ್ದವು. ಅಂಟು ಕರಗಿ ಹಾಳೆಯೇ ಪಕ್ಕಕ್ಕೆ ಜರುಗಿತು. ಒತ್ತಿದಲ್ಲೆಲ್ಲ ಕೈಗೆ ಬಂಕೆ ಹತ್ತುತ್ತಿತ್ತು. ದೂರು ಕೊಟ್ಟರೆ, ನಿಮ್ಮ ಊರಿನ ಬಿಸಿಲಿಗೆ ನಾವು ಹೊಣೆಯಲ್ಲ ಎಂಬ ಉತ್ತರ. ಬಿಸಿಲು ತಾಳದ ವಸ್ತುವನ್ನು ಬಿಸಿಲಿನ ಊರಿಗೆ ಮಾರುವಾಗ ಈ ಮಾತನ್ನು ಮೊದಲೇ ಹೇಳಬಹುದಿತ್ತು.

ಮ್ಯಾಟಿಗೆ ಇಷ್ಟು ರೇಗುವುದೇಕೆ ಎಂದು ಕೂತು ಓಡಿಸುವ ಸ್ಕಿ ಮಾತ್ರ ಕಂಡವರಿಗೆ ಅನ್ನಿಸಬಹುದು. ನಮ್ಮದು ಯಮಹಾ ಸೂಪರ್‌ಜೆಟ್, ಹಳೆಯ 701 ಸಿಸಿಯದು, ಮೂವರು ಗೆಳೆಯರು ಸೇರಿ ಕೊಂಡದ್ದು. ಕೊಪ್ಪಳದ ಕಡೆಯ ತುಂಗಭದ್ರಾ ಹಿನ್ನೀರಿನಲ್ಲಿ ಅನುಮತಿ ಪಡೆದು ಜಲಕ್ರೀಡೆ ನಡೆಸುವ ಗೆಳೆಯನ ಬಳಿ ಅದು ಇರುತ್ತದೆ. ನಿಂತು ಓಡಿಸುವ ಸ್ಕಿಗೆ ಸೀಟು ಎಂಬುದೇ ಇಲ್ಲ. ನೀರಿನಲ್ಲಿ ತೇಲುತ್ತಾ ಹಿಂದಿನಿಂದ ಎದೆಯೂರಿ ಹತ್ತಬೇಕು, ಸವಾರ ನಿಲ್ಲುವ ತಗ್ಗು ಜಾಗವಾದ ಟ್ರೇಯೊಳಗೆ ಮೊಣಕಾಲೂರಿ ಥ್ರಾಟಲ್ ಒತ್ತಬೇಕು, ವೇಗ ಬಂದ ಮೇಲೆ ಒಂದೊಂದೇ ಪಾದ ಎಳೆದುಕೊಂಡು ಎದ್ದು ನಿಲ್ಲಬೇಕು. ಮುಂದೆ ತಿರುವು, ಅಲೆ, ಜಿಗಿತ ಎಲ್ಲದರ ಭಾರವೂ ಅಂಗಾಲಿನ ಮೇಲೆಯೇ. ನಮಗೆ ಸ್ಕಿ ಬಂದಾಗ ಹಳೆಯ ಮ್ಯಾಟ್ ಸವೆದು ನುಣುಪಾಗಿತ್ತು. ಎಡಕ್ಕೆ ಬಾಗಿದರೆ ಬಲಗಾಲು ಟ್ರೇಯ ಗೋಡೆಗೆ ಹೋಗಿ ಬಡಿಯುತ್ತಿತ್ತು.

ಸ್ಟಿಕ್ಕರ್ ಮ್ಯಾಟನ್ನು ಕಿತ್ತೆಸೆದ ಮೇಲೆ ಎರಡು ದಾರಿಗಳಿದ್ದವು. ನಮ್ಮ ಮಾಡೆಲ್ಲಿಗೇ ಕತ್ತರಿಸಿದ ವಿದೇಶಿ ಕಿಟ್ ತರಿಸಬಹುದಿತ್ತು. ಸಾಗಣೆ, ಸುಂಕ ಕೂಡಿಸಿದರೆ ನನ್ನ ಸಂಬಳಕ್ಕೆ ಅದು ಎಟುಕುವಂಥದ್ದಲ್ಲ. ಹಾಗಾಗಿ ಅಂಟಿಲ್ಲದ ಇವಿಎ ಹಾಳೆಗಳನ್ನು ತರಿಸಿ ಇಲ್ಲಿಯೇ ಕತ್ತರಿಸಿದೆವು. ಬಳ್ಳಾರಿಯಲ್ಲಿ ಇದಕ್ಕೆ ಕೈಗಳ ಕೊರತೆಯಿಲ್ಲ. ನಾನು ಲೆಕ್ಕ ಬರೆಯುವ ಜೀನ್ಸ್ ಘಟಕದ ಕಟಿಂಗ್ ಮಾಸ್ಟರ್ ಭಾನುವಾರ ಬಂದು ಟ್ರೇಯೊಳಗೆ ಮಾರ್ಕರ್ ಕಾಗದ ಹಾಸಿದರು. ಅಂಗೈಯಿಂದ ಅಂಚು ಒತ್ತಿ ಮಡಿಕೆ ಮೂಡಿಸಿ, ಆ ಗೆರೆಯ ಮೇಲೆ ಪೆನ್ಸಿಲ್ ಎಳೆದರು. ಮೂಲೆಗಳನ್ನು ನಾನು ಚೌಕವಾಗಿ ಗುರುತಿಸಿದ್ದೆ. “ಚೂಪು ಬಿಡಬೇಡಿ ಸರ್, ಜೇಬು ಕೂಡ ಮೊದಲು ಬಿಡುವುದು ಮೂಲೆಯಲ್ಲೇ” ಎಂದು ನಾಲ್ಕು ಮೂಲೆಗಳನ್ನೂ ದುಂಡಗೆ ತಿದ್ದಿದರು. ಇವತ್ತಿಗೂ ಒಂದು ಮೂಲೆಯೂ ಎದ್ದಿಲ್ಲ.

ಅಂಟಿಸುವ ಕೆಲಸವನ್ನು ಬೆಳಗಿನ ತಂಪಿನಲ್ಲಿ ಮುಗಿಸಬೇಕು. ಕಾದ ಫೋಮ್ ಹಿಗ್ಗಿರುತ್ತದೆ. ಮಧ್ಯಾಹ್ನ ಅಳೆದು ಕತ್ತರಿಸಿದರೆ ಸಂಜೆಗೆ ಅಂಚಿನಲ್ಲಿ ಸಂದು ಬೀಳುತ್ತದೆ. ಹಳೆಯ ಅಂಟನ್ನು ಹೀಟ್ ಗನ್‌ನಿಂದ ಮೆತ್ತಗೆ ಮಾಡಿ ಕೆರೆದು, ಉಪ್ಪುಕಾಗದದಿಂದ ಉಜ್ಜಿ, ಅಸಿಟೋನ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆವು. ಬಟ್ಟೆಯ ಮೇಲೆ ಕಪ್ಪು ಹತ್ತುವುದು ನಿಲ್ಲುವವರೆಗೂ ಒರೆಸಬೇಕು. ಚಪ್ಪಲಿ ಹೊಲಿಯುವವರು ಬಳಸುವ ಸಿಂಥೆಟಿಕ್ ರಬ್ಬರ್ ಅಂಟನ್ನೇ ಟ್ರೇಗೂ ಹಾಳೆಗೂ ತೆಳುವಾಗಿ ಎರಡೆರಡು ಸಲ ಬಳಿದೆವು. ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಒಣಗಿದ ಮೇಲೆಯೇ ಕೂರಿಸಬೇಕು, ಒಮ್ಮೆ ತಾಗಿತೆಂದರೆ ಮತ್ತೆ ಸರಿಸಲಾಗದು. ಅದಕ್ಕಾಗಿ ನಡುವೆ ಬೆಣ್ಣೆ ಕಾಗದ ಇಟ್ಟು, ಮಧ್ಯದಿಂದ ಶುರುಮಾಡಿ ಕಾಗದವನ್ನು ಸ್ವಲ್ಪಸ್ವಲ್ಪವೇ ಎಳೆಯುತ್ತಾ ಲಟ್ಟಣಿಗೆಯಿಂದ ಒತ್ತುತ್ತಾ ಅಂಚಿಗೆ ಬಂದೆವು. ಮರುದಿನದವರೆಗೆ ನೀರು ಸೋಕಿಸಲಿಲ್ಲ. ಮುಂದಿನ ಬೇಸಿಗೆ ಅದೇ ತಗಡಿನ ಕೆಳಗೇ ಕಳೆಯಿತು, ಹಾಳೆ ಕದಲಲಿಲ್ಲ.

ಇಷ್ಟಾದ ಮೇಲೆ ನನ್ನ ಸಿಟ್ಟು ಇಳಿಯಿತು. ದೋಷವಿದ್ದದ್ದು ಹಿಂಬದಿಯ ಅಂಟಿನಲ್ಲಿ, ಇವಿಎ ನಿಜಕ್ಕೂ ಒಳ್ಳೆಯ ವಸ್ತು. ಒಳಗಿನ ಗುಳ್ಳೆಗಳೆಲ್ಲ ಮುಚ್ಚಿಕೊಂಡಿರುವುದರಿಂದ ನೀರು ಕುಡಿಯುವುದಿಲ್ಲ, ನಾರುವುದಿಲ್ಲ, ಭಾರವಾಗುವುದಿಲ್ಲ.

ಆದರೆ ಮೆತ್ತಗಿದ್ದಷ್ಟೂ ಒಳ್ಳೆಯದು ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ದಪ್ಪ ಫೋಮಿನ ಮೇಲೆ ನಿಂತರೆ ಹಿಮ್ಮಡಿ ಹೂತುಹೋಗುತ್ತದೆ. ಸ್ಕಿ ಬಾಗಿದ್ದು ಪಾದಕ್ಕೆ ತಿಳಿಯುವುದು ಒಂದು ಕ್ಷಣ ತಡ, ಸ್ವಲ್ಪ ಹೊತ್ತಿಗೇ ಕಣಕಾಲು ಸೋಲುತ್ತದೆ. ಪಾದಕ್ಕೆ ಬೇಕಾದದ್ದು ತೆಳುವಾದ, ಗಡುಸಾದ ಹಾಳೆ. ಮೊಣಕಾಲಿಗೆ ಬೇಕಾದದ್ದು ಮಾತ್ರ ಮೆತ್ತೆ. ಒಂದೇ ಹಾಳೆ ಎರಡನ್ನೂ ಕೊಡಲಾರದು. ನಾವು ಟ್ರೇಯ ಮುಂಭಾಗದಲ್ಲಿ, ಮೊಣಕಾಲೂರುವ ಜಾಗದಲ್ಲಿ ಮಾತ್ರ ಅಡಿಗೆ ಇನ್ನೊಂದು ಮೃದು ಪದರ ಹಾಕಿದೆವು. ಹಿಂದೆ, ಪಾದ ನಿಲ್ಲುವಲ್ಲಿ, ಒಂದೇ ಪದರ. ಟ್ರೇಯ ಒಳಗೋಡೆಗಳಿಗೂ ಮೃದು ಪಟ್ಟಿ ಅಂಟಿಸಿದೆವು. ನನಗೆ ಇಡೀ ಕೆಲಸದಲ್ಲಿ ಅತ್ಯಂತ ಖುಷಿ ಕೊಟ್ಟದ್ದು ಈ ಗೋಡೆಯ ಪಟ್ಟಿಗಳೇ. ಮೊದಲು ಹಿನ್ನೀರಿನಿಂದ ಮರಳಿದ ಸೋಮವಾರ ಮೊಣಕಾಲಿನ ಪಕ್ಕ ನೀಲಿಗಟ್ಟಿರುತ್ತಿತ್ತು, ಘಟಕದ ಮೆಟ್ಟಿಲು ಹತ್ತುವುದೇ ಕಷ್ಟವಾಗುತ್ತಿತ್ತು. ಈಗ ತಿರುವಿನಲ್ಲಿ ಕಾಲನ್ನು ಧೈರ್ಯವಾಗಿ ಗೋಡೆಗೆ ಆನಿಸುತ್ತೇನೆ. ಆ ಆಸರೆ ಸಿಕ್ಕ ಮೇಲೆ ಹ್ಯಾಂಡಲ್ ಮೇಲಿನ ಬಿಗಿ ಹಿಡಿತವೂ ತಾನಾಗಿ ಸಡಿಲಿತು.

ಮೇಲ್ಮೈಯ ವಿನ್ಯಾಸದ ಬಗ್ಗೆಯೂ ಹೇಳಬೇಕು. ವಜ್ರಾಕಾರದ ಕಚ್ಚುಗಳಿರುವ ಹಾಳೆ ಎಲ್ಲ ದಿಕ್ಕಿಗೂ ಹಿಡಿಯುತ್ತದೆ, ಉದ್ದುದ್ದ ಗೀರುಗಳಿರುವುದು ಮುಖ್ಯವಾಗಿ ಅಡ್ಡ ಜಾರಿಕೆಯನ್ನು ತಡೆಯುತ್ತದೆ. ನಾವು ಟ್ರೇಗೆ ಬಹುಪಾಲು ಆರಿಸಿದ್ದು ಗೀರಿನದನ್ನು, ಕಾರಣ ನಮ್ಮ ನೀರಿನ ಹೂಳು. 133 ಟಿಎಂಸಿಯಷ್ಟಿದ್ದ ತುಂಗಭದ್ರೆಯ ಸಂಗ್ರಹ ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ. ಅದೇ ನಯವಾದ ಮಣ್ಣು ದಡದಲ್ಲಿ ಕಾಲಿಗೆ ಮೆತ್ತಿ ಟ್ರೇಗೆ ಬರುತ್ತದೆ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋಗಿ ನೀರನ್ನು ನದಿಗೆ ಬಿಡಬೇಕಾಗಿ ಬಂದಾಗ ಹಿನ್ನೀರು ದೂರ ಸರಿಯಿತು. ರೈತರಿಗೆ ಆ ದಿನಗಳು ಎಂಥವೆಂದು ಈ ಭಾಗದವರಿಗೆ ಹೇಳಬೇಕಿಲ್ಲ, ನಾವು ಆಗ ಸ್ಕಿ ಇಳಿಸಲಿಲ್ಲ. ಅದನ್ನು ದಡದಿಂದ ಮೇಲಕ್ಕೆ ಎಳೆದು ತರುವಷ್ಟರಲ್ಲಿ ಮ್ಯಾಟ್ ಪೂರ್ತಿ ಎರೆಮಣ್ಣಾಗಿತ್ತು. ಮರುದಿನ ನೋಡಿದರೆ ಗೀರುಗಳಲ್ಲಿ ಒಣಗಿದ ಮಣ್ಣು ಬೆರಳುಗುರಿನಿಂದ ಎಬ್ಬಿಸಿದಾಗ ಶ್ಯಾವಿಗೆಯಂತೆ ಎಳೆಎಳೆಯಾಗಿ ಎದ್ದು ಬಂತು. ವಜ್ರದ ಕಚ್ಚುಗಳಿದ್ದ ಹಿಂಬದಿಯ ತುಂಡಿನಲ್ಲಿ ಒಂದೊಂದು ಗುಳಿಯನ್ನೂ ಬ್ರಷ್ಷಿನಿಂದ ಕೆದಕಬೇಕಾಯಿತು.

ಪ್ರತಿ ಸವಾರಿಯ ಮುಂಚೆ ಒಂದು ಬಕೆಟ್ ನೀರು ಸುರಿದು, ಮೆತ್ತನೆಯ ಬ್ರಷ್ಷನ್ನು ಗೀರಿನ ಗುಂಟ ಎಳೆಯುತ್ತೇನೆ. ಮಣ್ಣೂ ಹೋಗುತ್ತದೆ, ಬಿಸಿಲಿಗೆ ಕಾದ ಮ್ಯಾಟೂ ತಣಿಯುತ್ತದೆ. ನಮ್ಮದು ತಿಳಿಬೂದು. ಕಪ್ಪು ಚೆನ್ನಾಗಿ ಕಾಣುತ್ತದೆ ನಿಜ, ಮೇ ತಿಂಗಳಲ್ಲಿ ಅದರ ಮೇಲೆ ಬರಿಗಾಲಿಡಲಾಗದು. ಗೀರು ಎಷ್ಟೇ ಆಳವಿದ್ದರೂ ತಲೆಗೂ ಕಾಲಿಗೂ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದವರನ್ನು ಯಾವ ಮ್ಯಾಟೂ ಹಿಡಿದಿಡುವುದಿಲ್ಲ. ಸೋಪು ಹಾಕಿ ಕಾಲು ತೊಳೆಸಿಯೇ ಹತ್ತಿಸುತ್ತೇವೆ. ಪಾದ ಸಿಕ್ಕಿಸುವ ಪಟ್ಟಿಗಳನ್ನು ನಾವು ಹಾಕಿಸಲಿಲ್ಲ. ಜಿಗಿಯುವವರಿಗೆ ಅವು ಬೇಕು, ನಮ್ಮಲ್ಲಿ ಕಲಿಯುವವರೇ ಹೆಚ್ಚು, ಬೀಳುವಾಗ ಅವರ ಪಾದ ಸಲೀಸಾಗಿ ಬಿಡಿಸಿಕೊಳ್ಳಬೇಕು.

ಬಣ್ಣ ಮಾಸಿದೆ. ಬಲಗಾಲು ಊರುವ ಜಾಗದಲ್ಲಿ ಗೀರುಗಳು ಸವೆದು ಅರ್ಧಕ್ಕೆ ಬಂದಿವೆ. ಆ ತುಂಡನ್ನಷ್ಟೇ ಬದಲಿಸಿದರೆ ಸಾಕು, ಮಾಸ್ಟರ್ ತೆಗೆದ ಕಾಗದದ ಅಚ್ಚು ನಮ್ಮಲ್ಲೇ ಇದೆ. ಬಗೆಹರಿಯದೆ ಉಳಿದಿರುವುದು ಹಿಮ್ಮಡಿಗೆ ಒತ್ತುಕೊಡಲು ಟ್ರೇಯ ತುದಿಯಲ್ಲಿ ಕೂರಿಸಿದ ಇಳಿಜಾರಿನ ದಿಬ್ಬ, ಅಂದರೆ ಕಿಕ್‌ಟೇಲ್. ಅದು ನನ್ನ ಎತ್ತರಕ್ಕೆ ಸರಿಯಾಗಿದೆ, ನನಗಿಂತ ಗಿಡ್ಡಗಿರುವ ಗೆಳೆಯನಿಗೆ ಬಹಳ ಹಿಂದಾಯಿತು. ಈ ಬೇಸಿಗೆಯಲ್ಲಿ ಅದನ್ನು ಕಿತ್ತು ನಾಲ್ಕು ಬೆರಳು ಮುಂದಕ್ಕೆ ಅಂಟಿಸಬೇಕೆಂದು ಅವನ ಒತ್ತಾಯ. ನಾನಿನ್ನೂ ಒಪ್ಪಿಲ್ಲ.