ಒಂಬತ್ತು ಮಳೆಗಾಲ ಕಂಡ ಸ್ಪಿರಿಟ್ ಬಾಟಲಿ

ತೀರ್ಥಹಳ್ಳಿ ಕಡೆಯ ನಮ್ಮ ಹೆಂಚಿನ ಮನೆಯಲ್ಲಿ ಜೂನ್ ಬಂದರೆ ಒರೆಸುವುದೇ ಕೆಲಸ. ಚಪ್ಪಲಿಗೂ ಬೂಷ್ಟು, ಫೋಟೋದ ಕಟ್ಟಿಗೂ ಬೂಷ್ಟು. ಹಾಗಾಗಿ ಶಿವಮೊಗ್ಗದ ಗಾಂಧಿಬಜಾರಿಗೆ ಹೋದಾಗೆಲ್ಲ ಒಂದು ಲೀಟರ್ ಮೆಥಿಲೇಟೆಡ್ ಸ್ಪಿರಿಟ್ ತರುತ್ತೇನೆ. ‘ಪಾಲಿಶ್ ಸ್ಪಿರಿಟ್’ ಎಂದರೆ ಅಂಗಡಿಯವರಿಗೆ ತಿಳಿಯುತ್ತದೆ. ಇದರ ಮೂಲ ಎಥೆನಾಲ್, ಅಂದರೆ ಮದ್ಯದಲ್ಲಿರುವ ಆಲ್ಕೋಹಾಲೇ. ಯಾರೂ ಕುಡಿಯದಿರಲಿ ಎಂದು ಅದಕ್ಕೆ ಮೆಥನಾಲ್ ಎಂಬ ವಿಷ ಬೆರೆಸುತ್ತಾರೆ. ಮದ್ಯದ ಸುಂಕ ತಪ್ಪಿ ಅಗ್ಗವಾಗುವುದೂ ಅದರಿಂದಲೇ.

ಜೇನಿನ ಬಾಟಲಿಗೆ ಅಂಟಿದ ಚೀಟಿಯ ಗೋಂದು, ಸ್ಟೀಲ್ ಡಬ್ಬಿಯ ಮೇಲಿನ ಪೆನ್ನಿನ ಗೀಟು, ಕನ್ನಡಿಯ ಜಿಡ್ಡು: ಎಲ್ಲಕ್ಕೂ ಒಂದೆರಡು ಹನಿ ಸಾಕು. ನೀರಿನ ಪಸೆ ಉಳಿಯುವುದಿಲ್ಲ.

ಪೆಟ್ಟು ತಿಂದದ್ದು ಅಜ್ಜನ ಬೀಟೆ ಕುರ್ಚಿಯಲ್ಲಿ. ಕೈಯ ಮೇಲಿನ ಬೂಷ್ಟನ್ನು ಸ್ಪಿರಿಟ್ ಬಟ್ಟೆಯಿಂದ ಉಜ್ಜಿದೆ. ಬೂಷ್ಟು ಹೋಯಿತು, ಹಿಂದೆಯೇ ಹೊಳಪೂ ಹೋಯಿತು. ಬಟ್ಟೆ ಕಂದು ಬಣ್ಣಕ್ಕೆ ತಿರುಗಿ, ಅದರ ಎಳೆಗಳು ಮರಕ್ಕೇ ಅಂಟಿಕೊಂಡವು. ಆಚಾರಿ ಬಂದು ನೋಡಿ, “ಅರಗು ಕರಗಿಸಿ ಪಾಲಿಶ್ ಮಾಡುವುದೇ ಇದರಲ್ಲಿ ಸ್ವಾಮಿ, ಇದರಲ್ಲೇ ಒರೆಸಿದರೆ ಉಳಿಯುತ್ತದೆಯೇ?” ಎಂದರು. ಮತ್ತೆ ಪಾಲಿಶ್ ಮಾಡಿಕೊಡಿ ಎಂದರೆ ದೀಪಾವಳಿ ಕಳೆಯಲಿ ಎಂದರು. ಸ್ಪಿರಿಟ್ ಆರುವಾಗ ಮರದ ಮೈ ತಣ್ಣಗಾಗುತ್ತದೆ, ಮಳೆಗಾಲದ ತೇವ ಅದರ ಮೇಲೆ ಕೂತು ಪಾಲಿಶ್ ಬೆಳ್ಳಗಾಗುತ್ತದೆಯಂತೆ. ಡಿಸೆಂಬರಿನಲ್ಲಿ ಅವರು ಅರಗಿನ ಚಕ್ಕೆಗಳನ್ನು ಇದೇ ಬಾಟಲಿಯ ಸ್ಪಿರಿಟ್‌ನಲ್ಲಿ ರಾತ್ರಿಯಿಡೀ ನೆನೆಹಾಕಿ, ಹತ್ತಿಯ ಉಂಡೆಯನ್ನು ಬಟ್ಟೆಯಲ್ಲಿ ಸುತ್ತಿ, ಒಂದರ ಮೇಲೊಂದು ತೆಳು ಪದರ ಎಳೆದರು. ಕುರ್ಚಿ ಈಗ ಮೊದಲಿಗಿಂತ ಚೆನ್ನಾಗಿದೆ. ನನ್ನ ಅಹಂಕಾರ ಅಷ್ಟಿಲ್ಲ.

ಪಂಪ್ ಸ್ಟೌವಿನ ಬರ್ನರ್ ಕಾಯಿಸಲು ಇದನ್ನು ಉರಿಸುವಾಗ ಬಹಳ ಎಚ್ಚರ ಬೇಕು. ಹಗಲಲ್ಲಿ ಅದರ ಜ್ವಾಲೆ ಕಾಣುವುದೇ ಇಲ್ಲ. ಆರಿತೆಂದು ಬಗ್ಗಿದವನ ಹುಬ್ಬು ಸುಡುತ್ತದೆ.

2020ರಲ್ಲಿ ಸ್ಯಾನಿಟೈಸರ್ ಸಿಗದಿದ್ದಾಗ ಪಕ್ಕದ ಮನೆಯವರು ಇದನ್ನೇ ಕೇಳಿದ್ದರು. ಕೊಡಲಿಲ್ಲ. ಮೆಥನಾಲ್ ಚರ್ಮದ ಮೂಲಕವೂ ಒಳಗಿಳಿಯುತ್ತದೆ. ಹೊಟ್ಟೆಗೆ ಹೋದರಂತೂ ಕಣ್ಣನ್ನೇ ಕಳೆಯಬಲ್ಲದು.

ಐದಕ್ಕೆ ನಾಲ್ಕು ಅಂಕ. ಒಂದನ್ನು ಕಳೆದದ್ದು ಅದು ನೋಡಲು ಥೇಟ್ ನೀರಿನಂತಿರುವುದಕ್ಕೆ. ಬಾಟಲಿಯ ಮೇಲೆ ಮಾರ್ಕರ್‌ನಲ್ಲಿ ‘ವಿಷ’ ಎಂದು ದೊಡ್ಡದಾಗಿ ಬರೆದಿದ್ದೆ. ಬಗ್ಗಿಸುವಾಗ ಸೋರಿದ ಸ್ಪಿರಿಟ್ಟೇ ಅದನ್ನು ಅಳಿಸಿತು. ಈಗ ಬಾಟಲಿ ಅಟ್ಟದ ಪೆಟ್ಟಿಗೆಯಲ್ಲಿ ಬೀಗದೊಳಗಿದೆ.