ಬೀಗ ಹಾಕಿದ ಸೆಂಟರ್, ಬೆಂಗಳೂರಿನ ಬಸ್ಸು, ನಮ್ಮ ಬೀದಿಯ ಡಾಕ್ಟರ್: ನನ್ನ ತಮ್ಮನಿಗೆ ಯಾವುದು ಹಿಡಿಸಿತು

ನನ್ನ ತಮ್ಮ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾನೆ. ಬೆಳಗಿನ ಜಾವದಿಂದ ಬೆಂಕಿ ಮುಂದೆ ನಿಲ್ಲಬೇಕು, ಚೀಲ ಹೊರಬೇಕು. ಸೊಂಟ ನೋವಿಗೆ ಅಂತ ಯಾರೋ ಕೊಟ್ಟ ಟ್ರಮಡಾಲ್ ಮಾತ್ರೆ ದಿನಕ್ಕೆ ಎರಡು ಇದ್ದದ್ದು ವರ್ಷದೊಳಗೆ ಹತ್ತಾಯಿತು. 2018ರಿಂದ ಈ ಮಾತ್ರೆ ಎನ್‌ಡಿಪಿಎಸ್ ಅನ್ನುವ ಮಾದಕ ವಸ್ತುಗಳ ಕಾಯ್ದೆಯಡಿ ಬಂದಿದೆ, ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಆದರೂ ಅವನಿಗೆ ಎಲ್ಲಿಂದಲೋ ಸಿಗುತ್ತಿತ್ತು.

ಮೊದಲು ಸೇರಿಸಿದ್ದು ಒಂದು ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ. 45 ದಿನ, 36 ಸಾವಿರ ರೂಪಾಯಿ. ಗೇಟಿಗೆ ಬೀಗ, ಫೋನ್ ಇಲ್ಲ. ಮಾತ್ರೆ ನಿಲ್ಲಿಸಿದಾಗ ಬರುವ ಮೈಕೈ ನೋವು, ಭೇದಿ, ನಿದ್ದೆಗೆಟ್ಟ ರಾತ್ರಿಗಳಿಗೆ ಔಷಧಿ ಕೊಡಲಿಲ್ಲ, ಅನುಭವಿಸಿದರೆ ಬುದ್ಧಿ ಬರುತ್ತೆ ಅಂದರಂತೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಟದ ಕಾಯಿಲೆಗೂ ಅನ್ವಯಿಸುತ್ತೆ, ಮನೆಯವರ ಜೊತೆ ಮಾತಾಡುವುದು ರೋಗಿಯ ಹಕ್ಕು ಅಂತ ನಮಗೆ ಆಗ ಗೊತ್ತಿರಲಿಲ್ಲ. ಮನೆಗೆ ಬಂದ 12ನೇ ದಿನ ಮತ್ತೆ ನುಂಗಿದ, ಹಳೇ ಲೆಕ್ಕದಲ್ಲೇ. ಫಿಟ್ಸ್ ಬಂದು ಅಡುಗೆ ಮನೆ ಹೊಸ್ತಿಲ ಮೇಲೆ ಬಿದ್ದ. ಸ್ವಲ್ಪ ದಿನ ಬಿಟ್ಟ ದೇಹಕ್ಕೆ ಹಳೇ ಡೋಸ್ ತಡೆಯುವ ಶಕ್ತಿ ಇರುವುದಿಲ್ಲ, ಉಸಿರೇ ನಿಲ್ಲಬಹುದು. ಇದನ್ನು ಕಳಿಸುವಾಗ ಒಬ್ಬರೂ ಹೇಳಿರಲಿಲ್ಲ.

ಎರಡನೆಯದು ಬೆಂಗಳೂರಿನ ದೊಡ್ಡ ಆಸ್ಪತ್ರೆ. ಚಿಕಿತ್ಸೆ ಒಳ್ಳೆಯದಿತ್ತು, ಇದು ಕಾಯಿಲೆ ಅಂತ ಮೊದಲ ಸಲ ಕೇಳಿದ್ದೇ ಅಲ್ಲಿ. ಆದರೆ ಹೋಗೋದಕ್ಕೇ ಸುಮಾರು 260 ಕಿಲೋಮೀಟರ್, ಪ್ರತಿ ಸಲ ಎರಡು ದಿನದ ಕೂಲಿ ಹೋಗುತ್ತಿತ್ತು. ಮೂರನೇ ತಿಂಗಳಿಗೆ ನಿಂತುಹೋಯಿತು, ಮತ್ತೆ ಮಾತ್ರೆ.

ಆಮೇಲೆ ನಮ್ಮ ಬೀದಿಯ ಡಾಕ್ಟರ್. ಅವನ ಬಾಲ್ಯದ ಜ್ವರ, ಕೆಮ್ಮು ಎಲ್ಲಾ ನೋಡಿದವರು. ಅವರೊಬ್ಬರೇ ಮಾಡಲಿಲ್ಲ. ಊರಿನಲ್ಲೇ ಇರುವ ಮನೋವೈದ್ಯರ ಹತ್ತಿರ ಕಳಿಸಿದರು, ಡೋಸ್ ನಿರ್ಧಾರ ಅವರದ್ದು, ವಾರವಾರದ ತಪಾಸಣೆ ಇವರದ್ದು, ಅನುಮಾನ ಬಂದರೆ ನಮ್ಮೆದುರೇ ಅವರಿಗೆ ಫೋನ್. ಟ್ರಮಡಾಲ್ ಬಿಡಿಸಲು ಅದರ ಬದಲಿಗೆ ಕೊಟ್ಟದ್ದು ಬುಪ್ರಿನಾರ್ಫಿನ್ ಮತ್ತು ನಲಾಕ್ಸೋನ್ ಅನ್ನುವ ಎರಡು ಔಷಧಿ ಸೇರಿದ ಮಾತ್ರೆ. ಅದು ಮೆಡಿಕಲ್ ಶಾಪ್‌ನಲ್ಲಿ ಸಿಗುವುದಿಲ್ಲ, ಮನೋವೈದ್ಯರ ಆಸ್ಪತ್ರೆಯಿಂದಲೇ ತರಬೇಕು.

ಮೊದಲ ದಿನ ಕಣ್ಣಿಗೆ ಕಟ್ಟಿದ ಹಾಗಿದೆ. ಹಿಂದಿನ ದಿನದಿಂದ ಟ್ರಮಡಾಲ್ ಮುಟ್ಟದೆ ಬರಬೇಕು, ಅದು ಬಿಟ್ಟ ಬಾಧೆ ಶುರುವಾಗುವ ಮೊದಲೇ ಹೊಸ ಮಾತ್ರೆ ಕೊಟ್ಟರೆ ಬಾಧೆ ಒಮ್ಮೆಲೇ ಜಾಸ್ತಿಯಾಗುತ್ತೆ ಅಂದಿದ್ದರು. ಮೇ ತಿಂಗಳ ಬಿಸಿಲಲ್ಲಿ ಬೆಂಚಿನ ಮೇಲೆ ಕೂತಿದ್ದ. ಮೇಲಿಂದ ಮೇಲೆ ಆಕಳಿಕೆ, ಮೂಗು ಸೋರುತ್ತಿತ್ತು, ತೋಳಿನ ಕೂದಲು ನೆಟ್ಟಗೆ ನಿಂತಿತ್ತು. ಮಾತ್ರೆ ನಾಲಿಗೆ ಕೆಳಗೆ ಇಟ್ಟರು, ಕರಗುವ ತನಕ ಮಾತಿಲ್ಲ, ನೀರಿಲ್ಲ. ಒಂದು ಗಂಟೆ ಆಗಿರಬೇಕು, ಕುಣಿಯುತ್ತಿದ್ದ ಮೊಣಕಾಲು ನಿಂತಿತು. "ಅಕ್ಕಾ, ಹಸಿವಾಗ್ತಿದೆ" ಅಂದ. ನಾನು ಅತ್ತುಬಿಟ್ಟೆ.

ಒಂದು ಮಾತ್ರೆ ಬಿಡಿಸಿ ಇನ್ನೊಂದು ಹಿಡಿಸಿದ್ರಲ್ಲಾ ಅಂತ ಅಮ್ಮ ತುಂಬಾ ದಿನ ಗೊಣಗುತ್ತಿದ್ದಳು. "ಸಕ್ಕರೆ ಕಾಯಿಲೆಗೆ ನೀವು ದಿನಾ ತಗೊಳ್ಳಲ್ವೇನಮ್ಮಾ?" ಅಂತ ಡಾಕ್ಟರ್ ಕೇಳಿದ ಮೇಲೆ ಸುಮ್ಮನಾದಳು.

ನನ್ನ ಮಟ್ಟಿಗೆ ಈ ದಾರಿಯೇ ಮೇಲು, ಅದಕ್ಕೆ ದೊಡ್ಡ ಕಾರಣ ಸೊಂಟ. ಚಟ ಶುರುವಾದದ್ದೇ ಅಲ್ಲಿಂದ ಅಲ್ವಾ? ಅದಕ್ಕೆ ವ್ಯಾಯಾಮ ಕಲಿಸಿ, ಚೀಲ ಹೊರುವುದು ಬಿಡಿಸಿ, ಬೇರೆ ನೋವಿನ ಮಾತ್ರೆ ಕೊಟ್ಟವರು ಇವರು ಮಾತ್ರ. ಜ್ವರದವರ ಸಾಲಿನಲ್ಲೇ ಕೂರುತ್ತಾನೆ, ಯಾಕೆ ಬಂದ ಅಂತ ಯಾರಿಗೂ ತಿಳಿಯುವುದಿಲ್ಲ. ಫೀಸು 100 ರೂಪಾಯಿ.

ಕೊರತೆಯೂ ಇದೆ. ಒಬ್ಬೊಬ್ಬರಿಗೆ ಐದು ನಿಮಿಷ, ಮನಸ್ಸು ಬಿಚ್ಚಿ ಮಾತಾಡಲು ಸಾಲದು. ರಾತ್ರಿ ಆಸೆ ಕೆರಳಿದಾಗ ಅವನು 14416ಕ್ಕೆ ಫೋನ್ ಮಾಡಿದ್ದಾನೆ. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಚಟದ ಚಿಕಿತ್ಸೆಗೆ ಎಲ್ಲಾ ಡಾಕ್ಟರೂ ಒಪ್ಪುವುದಿಲ್ಲ, ನಮಗೆ ಇಬ್ಬರು ಇಲ್ಲ ಅಂದಿದ್ದರು. ಆದರೆ ನಿಮ್ಹಾನ್ಸ್‌ನವರು ಎಕೋ ಅನ್ನುವ ವಿಡಿಯೋ ತರಬೇತಿಯಲ್ಲಿ ಊರೂರಿನ ಡಾಕ್ಟರ್‌ಗಳಿಗೆ ಇದನ್ನು ಕಲಿಸುತ್ತಾರೆ, ಹಾಗಾಗಿ ಒಬ್ಬರು ಬೇಡ ಅಂದರೆ ಇನ್ನೊಬ್ಬರನ್ನು ಕೇಳಿ. ಫಿಟ್ಸ್ ಬರುವವರು, ಜೊತೆಗೆ ಕುಡಿತ ಇಲ್ಲವೇ ನಿದ್ದೆ ಮಾತ್ರೆ ಇರುವವರು ಮೊದಲು ಆಸ್ಪತ್ರೆಗೇ ಸೇರಬೇಕು, ಮನೆಯಲ್ಲಿ ಬಿಡಿಸಲು ಹೋಗಬೇಡಿ.

ಈಗ 14 ತಿಂಗಳು. ಮಧ್ಯೆ ಒಂದು ಸಲ ಜಾರಿದ, ಆ ಶನಿವಾರವೂ ಡಾಕ್ಟರ್ ಬೈಯಲಿಲ್ಲ. ಮೊದಲು ಕೇಳಿದ್ದು, "ಏನಪ್ಪಾ, ಸೊಂಟ ಹೆಂಗಿದೆ?"